ಕಟ್ಟಿ ಮುಗಿದ ವಿಮಾನಕ್ಕೆ ಹೊರದೀಪ ಕೂರಿಸುವ ಕೆಲಸ

ತುಮಕೂರಿನ ಅಂತರಸನಹಳ್ಳಿಯಲ್ಲಿ ಬಸ್ಸು, ಲಾರಿಗಳ ವೈರಿಂಗ್ ಮಾಡುವ ನಮ್ಮ ಶೆಡ್ಡಿಗೆ, ಕಿಟ್ ತರಿಸಿಕೊಂಡು ಎರಡು ಸೀಟಿನ ವಿಮಾನವನ್ನು ತಾವೇ ಕಟ್ಟಿ ಬಣ್ಣವನ್ನೂ ಹೊಡೆಸಿ ಮುಗಿಸಿದ್ದ ಹಿರಿಯರೊಬ್ಬರು ಹೊರದೀಪಗಳ ಕೆಲಸ ತಂದಿದ್ದರು. ಎಡ ರೆಕ್ಕೆಯ ತುದಿಗೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ, ಜೊತೆಗೆ ಮಿಂಚುವ ಸ್ಟ್ರೋಬ್. ದೀಪ ಕೂರಿಸುವುದು ಸುಲಭ. ಕಷ್ಟವೆಲ್ಲ ಮುಚ್ಚಿದ ರೆಕ್ಕೆಯೊಳಗೆ ವೈರ್ ಎಳೆಯುವುದರಲ್ಲಿದೆ.

ಲಾರಿಯಲ್ಲಿ ಪ್ಲಸ್ ವೈರ್ ಒಂದನ್ನು ದೀಪದವರೆಗೆ ಒಯ್ದು, ಮೈನಸ್ಸನ್ನು ಹತ್ತಿರದ ಬೋಲ್ಟಿಗೆ ಬಿಗಿದರೆ ಬಾಡಿಯೇ ಅರ್ತ್ ಆಗುತ್ತದೆ. ಈ ವಿಮಾನದ ರೆಕ್ಕೆ ಅಲ್ಯೂಮಿನಿಯಂ ಆದರೂ ತುದಿಗಳು ಫೈಬರ್‌ಗ್ಲಾಸಿನವು, ಅಲ್ಲಿ ಅರ್ತ್ ಇಲ್ಲ. ರೆಕ್ಕೆಯೊಳಗಿನ ತಗಡಿನ ಅಡ್ಡಪಟ್ಟಿಗೆ, ಅಂದರೆ ರಿಬ್ಬಿಗೆ, ಬಿಗಿಯಬಹುದಿತ್ತು. ಆದರೆ ಸ್ಟ್ರೋಬ್ ಮಿಂಚಿದಾಗಲೆಲ್ಲ ಅದರ ಕರೆಂಟು ರೇಡಿಯೋ ಅರ್ತ್ ಇರುವ ಅದೇ ಬಾಡಿಯಲ್ಲಿ ಹರಿದರೆ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಸದ್ದು ಕೇಳಿಸಬಹುದು, ಒಂಟಿ ವೈರಿನ ಸುತ್ತಲಿನ ಕಾಂತಕ್ಷೇತ್ರ ರೆಕ್ಕೆಯಲ್ಲಿರುವ ದಿಕ್ಕಿನ ಸೆನ್ಸರನ್ನೂ ಅಲುಗಾಡಿಸಬಹುದು. ಪ್ಲಸ್ ಮತ್ತು ಮೈನಸ್ ಎರಡನ್ನೂ ಹೊಸೆದು ಒಟ್ಟಿಗೆ ಒಯ್ದರೆ ಎರಡರ ಕ್ಷೇತ್ರಗಳು ಬಹುಮಟ್ಟಿಗೆ ಪರಸ್ಪರ ರದ್ದಾಗುತ್ತವೆ. ಒಂದು ವೈರಿನ ತೂಕ ಹೆಚ್ಚುತ್ತದೆ, ನಿಜ. ಅದನ್ನು ಉಳಿಸಲು ಹೋಗುವುದು ಜಿಪುಣತನವೆಂದೇ ನನ್ನ ಅಭಿಪ್ರಾಯ.

ಕಟ್ಟುವಾಗ ವೈರಿಗೆಂದು ಪೈಪ್ ಹಾಕಿರಲಿಲ್ಲವಾದ್ದರಿಂದ, ಕೆಳಗಿನ ತಪಾಸಣಾ ಕಿಂಡಿ ತೆಗೆದು, ರಿಬ್ಬುಗಳ ತೂತುಗಳಲ್ಲಿ ನೈಲಾನ್ ಕಡ್ಡಿ ತೂರಿಸಿ ಅದರ ಹಿಂದೆ ದಾರ, ದಾರದ ಹಿಂದೆ ವೈರ್ ಎಳೆಯಬೇಕಿತ್ತು. ಮೊಬೈಲ್ ಕ್ಯಾಮೆರಾ ತೂರಿಸಿ ನೋಡುತ್ತಿದ್ದ ಹುಡುಗ, ‘ಅಣ್ಣಾ, ಈ ತೂತಿಗೆ ರಬ್ಬರ್ ಇಲ್ಲ’ ಎಂದು ಕೂಗಿದ. ತಗಡಿನ ಬರಿಯ ಅಂಚು ಇಂಜಿನ್ನಿನ ನಡುಕದಲ್ಲಿ ಎಷ್ಟೇ ಒಳ್ಳೆಯ ವೈರಿನ ಹೊದಿಕೆಯನ್ನೂ ತಿಂದುಹಾಕುತ್ತದೆ. ಅಂಚಿಗೆ ಗ್ರಾಮೆಟ್ ಎಂಬ ರಬ್ಬರ್ ಬಳೆ ಕೂರಿಸಿದ ಮೇಲೆಯೇ ಮುಂದೆ ಎಳೆದೆವು.

ಬಿಳಿ ದೀಪವನ್ನು ಬಾಲದಲ್ಲಿ ಎಡಬಲಕ್ಕೆ ತಿರುಗುವ ರಡ್ಡರಿನ ಮೇಲೆ ಕೂರಿಸಬೇಕೆಂಬುದು ಹಿರಿಯರ ಆಸೆಯಾಗಿತ್ತು. ‘ಬೇಡಿ ಸಾರ್’ ಎಂದೆ. ತಿರುಗುವ ಭಾಗದಲ್ಲಿ ಕೀಲಿನ ಹಿಂದೆ ತೂಕ ಸೇರಿದರೆ ಅದರ ಸಮತೋಲನ ಕೆಟ್ಟು, ವೇಗದಲ್ಲಿ ಫ್ಲಟರ್ ಎಂಬ ಅಪಾಯಕಾರಿ ಕಂಪನ ಹುಟ್ಟಬಹುದು. ಬಿಳಿ ದೀಪವನ್ನು ಎರಡೂ ರೆಕ್ಕೆಗಳ ತುದಿಯಲ್ಲೇ ಹಿಂದಕ್ಕೆ ಮುಖಮಾಡಿ ಹಾಕಲು ಅವಕಾಶವಿದೆ; ಕೆಂಪು, ಹಸಿರು ದೀಪಗಳು ನೇರ ಮುಂದಿನಿಂದ ತಮ್ಮ ಪಕ್ಕಕ್ಕೆ 110 ಡಿಗ್ರಿ ತೋರಿದರೆ, ಹಿಂದಿನ 140 ಡಿಗ್ರಿಯನ್ನು ಬಿಳಿ ಬೆಳಗಬೇಕು. ಪ್ರತಿ ತುದಿಗೂ ಬಣ್ಣದ ದೀಪ, ಬಿಳಿ ದೀಪ, ಸ್ಟ್ರೋಬ್ ಮೂರೂ ಸೇರಿದ ಎಲ್ಇಡಿ ಘಟಕ ತರಿಸಿದೆವು. ಬಾಲದವರೆಗೆ ವೈರ್ ಒಯ್ಯುವ ಕೆಲಸವೇ ತಪ್ಪಿತು.

ಕೊನೆಗೆ ಇಂಜಿನ್ ಚಾಲೂ ಮಾಡಿ, ರೇಡಿಯೋ ಹಚ್ಚಿ, ಒಂದೊಂದೇ ಸ್ವಿಚ್ ಒತ್ತುತ್ತಾ ಪರದೆಯ ಮೇಲಿನ ದಿಕ್ಕಿನ ಅಂಕಿಯನ್ನು ನೋಡಿದೆವು, ಅದು ಕದಲಲಿಲ್ಲ. ಸೇರಿದ ತೂಕವನ್ನೂ ಅದು ಕುಳಿತ ಜಾಗವನ್ನೂ ಬರೆದುಕೊಟ್ಟೆವು. ತೂಕ-ಸಮತೋಲನದ ಲೆಕ್ಕವನ್ನು ಹಿರಿಯರು ಹೊಸದಾಗಿ ಮಾಡಿಸಬೇಕಾಗಿತ್ತು.