ಲೇಸ್ ಬಿಚ್ಚಿ, ಶೂ ಸರಿಮಾಡಿ

ನನ್ನ ಪಾದದ ಮುಂಭಾಗ ಅಗಲ, ಹಿಮ್ಮಡಿ ಕಿರಿದು. ಹಾಗಾಗಿ ಹೊಸ ರನ್ನಿಂಗ್ ಶೂ ತಂದರೆ ಮೊದಲು ಲೇಸ್ ಪೂರ್ತಿ ಬಿಚ್ಚುತ್ತೇನೆ. ಒಂದೇ ಥರದ ಲೇಸಿಂಗ್ ಎಲ್ಲರ ಕಾಲಿಗೂ ಹೊಂದುವುದಿಲ್ಲ, ಅಲ್ವಾ?

ಪಾದದ ಮೇಲಿನ ಮೂಳೆ ಒತ್ತುವ ಕಡೆ ಲೇಸನ್ನು ಅಡ್ಡ ದಾಟಿಸುವುದಿಲ್ಲ. ಅಲ್ಲಿ ಎರಡೂ ಬದಿ ನೇರ ಮೇಲಿನ ತೂತಿಗೆ ಏರಿಸಿ, ಆಮೇಲೆ ಮತ್ತೆ ಅಡ್ಡ ಹಾಕುತ್ತೇನೆ. ಒತ್ತಡ ತಕ್ಷಣ ಇಳಿಯುತ್ತದೆ. ಎಲ್ಲಕ್ಕಿಂತ ಮೇಲಿರುವ ಆ ಹೆಚ್ಚುವರಿ ತೂತು ಸುಮ್ನೆ ಕೊಟ್ಟಿದ್ದಲ್ಲ. ಅದೇ ಬದಿಯ ಲೇಸನ್ನು ಅದರಲ್ಲಿ ತೂರಿಸಿ ಪುಟ್ಟ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ಹಾಯಿಸಿ ಎಳೆಯಿರಿ. ಹಿಮ್ಮಡಿ ಜಾರುವುದು ಕಡಿಮೆಯಾಗುತ್ತದೆ, ಗುಳ್ಳೆಯೂ ಅಷ್ಟೇ.

ಕಿರುಬೆರಳು ಇನ್ನೂ ಉಜ್ಜುತ್ತಿದ್ದರೆ ಒಳಗಿನ ಇನ್‌ಸೋಲ್ ತೆಗೆದು ತೆಳ್ಳಗಿನದು ಹಾಕಿ. ಇದ್ದದ್ದರ ಮೇಲೆ ಇನ್ನೊಂದು ಪೇರಿಸಬೇಡಿ, ಜಾಗ ಮತ್ತೂ ಇಕ್ಕಟ್ಟಾಗುತ್ತದೆ. ಹಳೆಯ ಶೂ ಆದರೆ ಉಜ್ಜುವ ಕಡೆ ಬಟ್ಟೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸ್ವಲ್ಪ ಸೀಳಬಹುದು. ಹೊಲಿಗೆ ಮುಟ್ಟಬಾರದು. ಬಿಸಿ ಮಾಡಿ ಹಿಗ್ಗಿಸುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಅಡಿಭಾಗದ ಅಂಟಿಗೂ ಫೋಮಿಗೂ ಜಾಸ್ತಿ ಬಿಸಿ ಆಗಿಬರುವುದಿಲ್ಲ.

ಇದನ್ನೆಲ್ಲ ಸಂಜೆ ಹೊತ್ತು ಮಾಡಿ. ದಿನವಿಡೀ ಓಡಾಡಿದ ಪಾದ ಆಗ ಸ್ವಲ್ಪ ಊದಿರುತ್ತದೆ, ದೂರ ಓಡುವಾಗಲೂ ಹಾಗೇ ಊದುತ್ತದೆ.