ಎಡ ಮೇಲೆ, ಬಲ ಕೆಳಗೆ

ಮ್ಯಾಗಝೀನ್‌ಗೆ ಹಳೇ ಸ್ಟೂಡೆಂಟ್ಸ್ ಯಾರಾದ್ರೂ ಬರೀರಪ್ಪಾ ಅಂತ ಗ್ರೂಪಲ್ಲಿ ಮೆಸೇಜ್ ಬಂದಾಗ ನಂಗೆ ನೆನಪಾಗಿದ್ದು ಕ್ಲಾಸ್‌ರೂಮೂ ಅಲ್ಲ ಕ್ಯಾಂಟೀನೂ ಅಲ್ಲ, ಜಪಾನ್ ಹಬ್ಬದ ಯುಕಾತಾ ಸ್ಟಾಲು.

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ. ಜಪಾನ್ ಹಬ್ಬ ಅಂದ್ರೆ ಜಪಾನಿನ ಸಂಸ್ಕೃತಿ ತೋರಿಸೋ ಹಬ್ಬ, ಬೆಂಗಳೂರಲ್ಲಿ 2005ರಲ್ಲಿ ಶುರುವಾಗಿದ್ದು. ಮತ್ಸುರಿ ಅಂತ ಹೆಸರಿಡ್ಬೋದಿತ್ತು, ಜಪಾನೀಸಲ್ಲಿ ಹಾಗಂದ್ರೂ ಹಬ್ಬನೇ, ಆದ್ರೆ ಕನ್ನಡದ ಹಬ್ಬ ಅನ್ನೋ ಪದಾನೇ ಇಟ್ಕೊಂಡ್ರು, ಅದು ನಂಗೆ ಇವತ್ತಿಗೂ ಖುಷಿ. ಓಡಾಡಿ ಕೆಲಸ ಮಾಡೋರು ಜಪಾನೀಸ್ ಕಲಿಯೋ ನಮ್ಮಂಥ ಹುಡುಗ್ರು, ನಮಗೆ ಕಲಿಸೋ ಸೆನ್ಸೇಗಳು, ಜೊತೆಗೆ ಇಲ್ಲೇ ಇರೋ ಜಪಾನಿಗಳು. 1999ರಲ್ಲಿ ಬಿಡದೀಲಿ ಟೊಯೊಟಾ ಕಾರು ತಯಾರಾಗೋಕೆ ಶುರುವಾಯ್ತಲ್ಲ, ಹಾಗೆ ಕಂಪನಿ ಕೆಲಸಕ್ಕೆ ಅಂತ ಬಂದ ಫ್ಯಾಮಿಲಿಗಳು ಊರಲ್ಲಿ ಸಾಕಷ್ಟಿದ್ವು, ಆದ್ರೆ ನಾನು ಎರಡು ವರ್ಷ ಜಪಾನೀಸ್ ಕಲ್ತಿದ್ರೂ ಕ್ಲಾಸ್ ಆಚೆ ಒಬ್ಬ ಜಪಾನಿ ಜೊತೆನೂ ಮಾತಾಡಿರ್ಲಿಲ್ಲ.

ನಂಗೆ ಹಾಕಿದ್ದು ಯುಕಾತಾ ಡ್ಯೂಟಿ. ಯುಕಾತಾ ಅಂದ್ರೆ ಬೇಸಿಗೇಲಿ ಉಡೋ ತೆಳ್ಳಗಿನ ಹತ್ತಿ ಕಿಮೋನೊ. ಬಂದೋರಿಗೆ ಉಡಿಸ್ಬೇಕು, ಸೊಂಟಕ್ಕೆ ಓಬಿ ಕಟ್ಬೇಕು, ಅವರು ಫೋಟೋ ತೆಗೆಸ್ಕೊಂಡ್ಮೇಲೆ ಬಿಚ್ಚಿ ಮಡಚಿಡ್ಬೇಕು ಅಷ್ಟೇ. ಸೀರೆ ಉಡಿಸಿದ್ ಕೈ ಇದೇನ್ ಮಹಾ ಅನ್ಕೊಂಡೆ. ಒಬ್ರು ಆಂಟಿ ಬಂದ್ರು, ರೇಷ್ಮೆ ಸೀರೆ ಮೇಲೇ ಉಡಿಸು ಅಂದ್ರು, ಉಡಿಸ್ದೆ, ಫೋಟೋಗೆ ನಿಂತ್ರು. ಪಕ್ಕದಲ್ಲಿದ್ದ ಜಪಾನಿ ಹೆಂಗಸು ಒಬ್ರು ಓಡಿ ಬಂದು, ಏನೂ ಹೇಳ್ದೇ, ನಗ್ತಾನೇ ಓಬಿ ಬಿಚ್ಚಿ ಎಡಗಡೆ ಅಂಚನ್ನ ಮೇಲಕ್ಕೆ ತಂದು ಮತ್ತೆ ಕಟ್ಟಿದ್ರು. ಆಮೇಲೆ ನನ್ ಕಿವೀಲಿ ಹೇಳಿದ್ರು: ಉಟ್ಟೋರ ಎಡ ಮೇಲೆ ಬರ್ಬೇಕು, ಬಲ ಮೇಲೆ ಬಂದ್ರೆ ಅದು ಹೆಣಕ್ಕೆ ಉಡಿಸೋ ರೀತಿ! ನಂಗೆ ಭೂಮಿ ಬಾಯ್ಬಿಡ್ಬಾರ್ದಾ ಅನ್ನಿಸ್ತು. ಆಂಟೀಗೆ ಮುಚ್ಚಿಡೋಣ ಅಂದ್ರೆ ಅವರು ಬಿಡೋ ಪೈಕಿನಾ, ಏನಮ್ಮಾ ಏನಂದ್ರು ಅಂತ ಕೇಳಿ ಕೇಳಿ ಬಾಯಿಬಿಡಿಸಿದ್ರು. ಬೈತಾರೆ ಅಂತ ತಲೆ ತಗ್ಗಿಸಿ ನಿಂತಿದ್ರೆ ಅವರು, "ಓ, ಅಪಸವ್ಯ! ನಮ್ಮಲ್ಲೂ ತಿಥಿ ದಿನ ಜನಿವಾರ ತಿರುಗಿಸಿ ಹಾಕ್ಕೊಳಲ್ವಾ, ಅದೇ ತಾನೇ, ಹೇಳು ಅವ್ರಿಗೆ" ಅಂದ್ರು. ಅಪಸವ್ಯಕ್ಕೆ ಜಪಾನೀಸಲ್ಲಿ ಏನಂತಾರೋ ನನ್ನ ಯಾವ ಪಾಠದಲ್ಲೂ ಇರ್ಲಿಲ್ಲ. ದಾರ, ಭುಜ, ಸತ್ತವರು, ಉಲ್ಟಾ ಅಂತ ನಾಕು ಪದ ಜೋಡಿಸಿ ಕೈಸನ್ನೆ ಮಾಡಿ ಹೇಳಿದ್ದಕ್ಕೆ ಆ ಹೆಂಗಸು "ಹೇಏಏ!" ಅಂತ ಉದ್ದಕ್ಕೆ ರಾಗ ಎಳೆದ್ರು. ಆಮೇಲೆ ಇಬ್ರೂ ನನ್ನ ಬಿಟ್ಟೇ ಮಾತಾಡ್ತಾ ಕೂತ್ರು, ಯಾವ ಭಾಷೇಲೋ ದೇವರೇ ಬಲ್ಲ.

ಮಿಕ್ಕ ಸ್ಟಾಲ್ಗಳ ಕಥೆ ಚೂರು ಚೂರು ನೆನಪಿದೆ. ಬ್ರಷ್ ಹಿಡಿದು ಹೆಸರು ಬರ್ಕೊಡೋ ಕಡೆ ದೊಡ್ಡ ಕ್ಯೂ, ಜಪಾನೀಸಲ್ಲಿ ಲ ಇಲ್ವಲ್ಲ, ಲೀಲಾ ಅನ್ನೋ ಪುಟ್ಟಿ ರೀರಾ ಆಗಿ ಅಳೋಕೇ ಶುರು ಮಾಡಿದ್ಲು. ತಿಂಡಿ ಸ್ಟಾಲಲ್ಲಿ ಎಲ್ಲರ ಪ್ರಶ್ನೆ ಒಂದೇ, ಇದ್ರಲ್ಲಿ ಮೀನಿದ್ಯಾ? ನ್ಯಾಯವಾದ ಪ್ರಶ್ನೆನೇ, ಅವರ ಸಾರಿನ ಬುಡದಲ್ಲೇ ಒಣಮೀನು ಇರುತ್ತೆ. ಕೆಂಪು ಕಾಳಿನ ಸಿಹಿ ತುಂಬಿದ ಮೋಚಿ ಮಾತ್ರ ಹೂರಣದ ಕಡುಬಿನ ಥರ ಅಂದಿದ್ದೇ ತಡ ತಟ್ಟೆ ಖಾಲಿ. ಅಲ್ಲಿದ್ದ ಜಪಾನಿ ಹುಡುಗ "ತಾಬೆತೆ ಮಿತೆ ಕುದಾಸಾಯ್" ಅಂತ ಕೂಗ್ತಿದ್ದ. ತಾಬೆತೆ ಅಂದ್ರೆ ತಿಂದು, ಮಿತೆ ಅಂದ್ರೆ ನೋಡಿ. ತಿಂದು ನೋಡಿ! ಇಂಗ್ಲಿಷ್‌ನಲ್ಲಿ ಈಟ್ ಅಂಡ್ ಸೀ ಅಂದ್ರೆ ನಗ್ತಾರೆ, ಕನ್ನಡಕ್ಕೆ ಒಂದಕ್ಷರ ಬದಲಾಯಿಸ್ಬೇಕಾಗಿಲ್ಲ. ಕ್ಲಾಸಲ್ಲಿ ಆರು ತಿಂಗಳು ಟೇಬಲ್ ಹಾಕಿ ಬಾಯಿಪಾಠ ಮಾಡಿದ ಗ್ರಾಮರು ನಂಗೆ ತಲೇಗ್ ಹೋಗಿದ್ದು ಆ ತಟ್ಟೆ ಮುಂದೆ.

ಕೊನೇಲಿ ಬೋನ್ ಒದೋರಿ, ಸುತ್ತ ನಿಂತು ಕುಣಿಯೋದು. ಗಣಿ ಕೆಲಸದೋರ ಹಾಡೊಂದಕ್ಕೆ ಕಲ್ಲಿದ್ದಲು ಅಗೆಯೋದು, ಹೆಗಲಿಗೆ ಹೊರೋದು, ಹಣೆಗೆ ಕೈ ಇಟ್ಟು ನೋಡೋದು, ಗಾಡಿ ತಳ್ಳೋದು, ಚಪ್ಪಾಳೆ, ಇಷ್ಟೇ ಸ್ಟೆಪ್ಪು. ಎರಡನೇ ಸುತ್ತಿಗೆ ಸೆಕ್ಯುರಿಟಿ ಅಣ್ಣನೂ ಅಗೀತಿದ್ದ.

ಮೊನ್ನೆ ಗ್ರೂಪಲ್ಲಿ ಯಾರೋ ಆ ದಿನದ ಸೆಲ್ಫಿ ಹಾಕಿದ್ರು. ನಾನು, ಆಂಟಿ, ಆ ಜಪಾನಿ ಹೆಂಗಸು, ಮೂರೂ ಜನ ಯುಕಾತಾದಲ್ಲಿ, ಮೂರೂ ಜನದ್ದೂ ಬಲಗಡೆ ಅಂಚು ಮೇಲೆ! ಎದೆ ಧಸಕ್ಕಂತು. ಝೂಮ್ ಮಾಡಿ ನೋಡಿದ್ರೆ ಹಿಂದಿನ ಬ್ಯಾನರಲ್ಲಿ ಹಬ್ಬ ಅನ್ನೋದೂ ಕನ್ನಡೀಲಿ ಕಂಡ ಹಾಗೆ ಉಲ್ಟಾ ಇತ್ತು.