‘ಅಧ್ಯಾತ್ಮ ಎಲ್ಲಿದೆ?’ ಎಂದು ಕೇಳುವವರಿಗೆ

ನಾನು ಬರೆಯುವುದು ಕಡಿದ ಮರದ ಬೊಡ್ಡೆ, ಬತ್ತಿದ ಹೊಳೆ, ಒಂಟಿ ಮರಗಳ ಚಿತ್ರ. ಪ್ರದರ್ಶನದ ಪರಿಚಯಪತ್ರದಲ್ಲಿ ‘ನಿಸರ್ಗ ಮತ್ತು ಅಧ್ಯಾತ್ಮ’ ಎಂದು ಅಚ್ಚಾಗಿರುವುದರಿಂದ ಬಂದವರೆಲ್ಲ ಕೇಳುತ್ತಾರೆ: ‘ನಿಸರ್ಗವೇನೋ ಕಾಣುತ್ತದೆ, ಅಧ್ಯಾತ್ಮ ಎಲ್ಲಿದೆ?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಈ ಬರಹವನ್ನೇ ತೋರಿಸುತ್ತೇನೆ.

ನನ್ನನ್ನು ಕೆರಳಿಸುವುದು ಆ ‘ಎಲ್ಲಿದೆ’. ಕಳೆದುಹೋದ ಬೀಗದ ಕೈ ಹುಡುಕುವವರಂತೆ ಕ್ಯಾನ್ವಾಸಿನ ಮೂಲೆಮೂಲೆ ನೋಡುತ್ತಾರೆ. ಒಬ್ಬರಂತೂ ಬೊಡ್ಡೆಯ ಚಿತ್ರದ ಮುಂದೆ ನಿಂತು, ‘ಇದರ ಮೇಲೆ ಧ್ಯಾನಕ್ಕೆ ಕುಳಿತ ಬುದ್ಧನನ್ನು ಬರೆದಿದ್ದರೆ ಚಿತ್ರ ಪೂರ್ತಿಯಾಗುತ್ತಿತ್ತು’ ಎಂದರು. ಇಲ್ಲ ಸ್ವಾಮಿ, ಆಗುತ್ತಿರಲಿಲ್ಲ. ಬುದ್ಧ ಬಂದು ಕುಳಿತಿದ್ದರೆ ನೀವು ಕೈಮುಗಿದು ಮುಂದಿನ ಚಿತ್ರಕ್ಕೆ ಹೋಗುತ್ತಿದ್ದಿರಿ. ಬೊಡ್ಡೆ ಬರೀ ಪೀಠವಾಗಿಬಿಡುತ್ತಿತ್ತು. ಅಲ್ಲೊಂದು ಮರ ಇತ್ತು, ಅದನ್ನು ಯಾರೋ ಕಡಿದಿದ್ದಾರೆ ಎಂಬುದು ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಕೆನಡಾದ ಎಮಿಲಿ ಕಾರ್ 1935ರಲ್ಲಿ ಬರೆದ ಚಿತ್ರವೊಂದಿದೆ. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ದಿಮ್ಮಿಗೆ ಬೇಡವಾದದ್ದು, ಆಕಾಶಕ್ಕೆ ಪ್ರಿಯವಾದದ್ದು’. ಸುತ್ತಲಿನ ಕಾಡನ್ನು ಬೋಳಿಸಿದ್ದಾರೆ. ದಿಮ್ಮಿಗೆ ಬಾರದೆಂದು ಬಿಟ್ಟುಹೋದ ಸಪೂರ ಮರವೊಂದು ತುದಿಯಲ್ಲಿ ಮಾತ್ರ ಒಂದಿಷ್ಟು ಹಸಿರು ಹೊತ್ತು ನೆಟ್ಟಗೆ ಮೇಲೆದ್ದಿದೆ. ಆ ತುದಿಯ ಸುತ್ತ ಆಕಾಶ ಅಲೆಅಲೆಯಾಗಿ ಹರಡುತ್ತದೆ. ಕಾರ್ ದೇವರನ್ನು ಗಾಢವಾಗಿ ನಂಬಿದವರು, ಆದರೂ ಅಲ್ಲಿ ದೇವರ ಮೂರ್ತಿಯಿಲ್ಲ. ಗರಗಸದವರು ಬೆಲೆಯಿಲ್ಲವೆಂದು ಬಿಟ್ಟದ್ದನ್ನು ಅವರು ಅಷ್ಟು ಹೊತ್ತು, ಅಷ್ಟು ಅಕ್ಕರೆಯಿಂದ ನೋಡಿದರಲ್ಲ, ಅದನ್ನೇ ನಾನು ಅಧ್ಯಾತ್ಮ ಎನ್ನುವುದು. ಚಿತ್ರದ ಯಾವುದೋ ಮೂಲೆಯಲ್ಲಿ ಅದಕ್ಕೆ ಬೇರೆ ಜಾಗ ಕೊಡಬೇಕಾಗಿಲ್ಲ.

ಅಷ್ಟಕ್ಕೂ ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ: ಕುಂಚ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಇದನ್ನು ಯಾರೂ ಕೇಳಿಲ್ಲ. ಅಕ್ರಿಲಿಕ್ ಬಣ್ಣವನ್ನು ಹಿಡಿದಿಡುವುದು ಪ್ಲಾಸ್ಟಿಕ್. ಕ್ಯಾಡ್ಮಿಯಂ ಹಳದಿ, ಕೋಬಾಲ್ಟ್ ನೀಲಿ ಎಂಬ ಹೆಸರಿನಲ್ಲೇ ಲೋಹವಿದೆ. ಕಾರ್ ಕೂಡ 1930ರ ದಶಕದಲ್ಲಿ ಬಯಲಿಗೆ ಹೋಗಿ ಬರೆಯುವಾಗ ತೈಲವರ್ಣವನ್ನು ಪೆಟ್ರೋಲಿನಲ್ಲಿ ತೆಳುಮಾಡಿಕೊಂಡು ಅಗ್ಗದ ಮನಿಲಾ ಕಾಗದದ ಮೇಲೆ ಬರೆಯುತ್ತಿದ್ದರು. ಕಾಡಿಗಾಗಿ ಮರುಗುವ ಚಿತ್ರಕ್ಕೂ ಗಣಿಯಿಂದ, ಎಣ್ಣೆಬಾವಿಯಿಂದ ತೆಗೆದ ಸಾಮಗ್ರಿಯೇ ಬೇಕು. ಇದು ನನ್ನನ್ನು ದಿನವೂ ಕಾಡುತ್ತದೆ.

ಹಾಗಾಗಿ ಕುಂಚವನ್ನು ಮೊದಲು ಹಳೆಯ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ಬಕೆಟಿನಲ್ಲಿ ತೊಳೆಯುತ್ತೇನೆ. ಆ ನೀರನ್ನು ಚರಂಡಿಗೆ ಚೆಲ್ಲುವುದಿಲ್ಲ. ಅಲ್ಯುಮಿನಿಯಂ ಸಲ್ಫೇಟ್ ಹಾಕಿ ಕಲಕಿ, ಅರಳಿದ ಸುಣ್ಣ ಬೆರೆಸಿ ಬಿಟ್ಟರೆ ಬಣ್ಣ ಚೂರುಚೂರಾಗಿ ಕೂಡಿಕೊಂಡು ತಳಕ್ಕಿಳಿಯುತ್ತದೆ. ಸೋಸಿದ ಮೇಲೆ ಉಳಿಯುವ ಗಸಿ, ಯಾವ ಬಣ್ಣ ಬಳಸಿದ್ದರೂ, ಬೂದಿಗೆ ಹತ್ತಿರ. ಅದನ್ನು ಒಣಗಿಸಿ ಡಬ್ಬಿಯಲ್ಲಿ ತುಂಬಿಡುತ್ತೇನೆ. ನೀರು ತಿಳಿಯಾಗಿದ್ದರೂ ಗಿಡಕ್ಕೆ ಹಾಕುವುದಿಲ್ಲ, ಕರಗಿದ ಲೋಹ ಕಣ್ಣಿಗೆ ಕಾಣುವುದಿಲ್ಲವಲ್ಲ.

ಮುಂದಿನ ಪ್ರದರ್ಶನಕ್ಕೆ ಬಂದಾಗ ಇದನ್ನು ಕೇಳಿ. ಎಷ್ಟು ಹೊತ್ತು ಬೇಕಾದರೂ ನಿಂತು ಹೇಳುತ್ತೇನೆ.